ನಾಲ್ಕು ಗಂಟೆಗೆ ಮುಚ್ಚುವ ಅಂಗಡಿ

“ಜನ ಸುತ್ತಿ ಬಳಸಿ ಮಾತಾಡಿದರೆ ಅರ್ಥವಾಗುತ್ತಾ?” ಡಾಕ್ಟರ್ ಸುಷ್ಮಾ ಪೆನ್ನು ಹಿಡಿದು ಕೇಳಿದರು.

ಪದ್ಮಲತಾ ತಲೆ ಎತ್ತಲಿಲ್ಲ. ಹೆಂಡತಿ ಬಾಯಿ ಬಿಡದಿದ್ದರೆ ಗಂಡನೇ ಹೇಳಬೇಕಲ್ಲ. ಸುರೇಂದ್ರ ಹೇಳಿದ.

“ಇವಳು ನೇರವಾಗಿ ಮಾತಾಡಾಕಿಲ್ಲ ಮೇಡಮ್. ಮನೇಲಿ ಉಪ್ಪಿಲ್ಲ ಅಂತಾಳೆ. ಹೂಂ ಅಂತೀನಿ. ಸಂಜೆ ಯಾಕೆ ತರ್ಲಿಲ್ಲ ಅಂತ ಅಳ್ತಾಳೆ.”

ಡಾಕ್ಟರ್ ಪ್ರಶ್ನೆಗಳ ಹಾಳೆಯಲ್ಲಿ ಒಂದು ಗುರುತು ಹಾಕಿದರು.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಸುರೇಂದ್ರನದು ಮೋಟಾರ್ ವೈಂಡಿಂಗ್ ಅಂಗಡಿ. ಮೋಟಾರಿನ ಸದ್ದು ಕೇಳಿಯೇ ಒಳಗಿನ ಯಾವ ತಂತಿಸುತ್ತು ಕೆಟ್ಟಿದೆ ಎಂದು ಹೇಳುತ್ತಿದ್ದ. ಮನೆಯಲ್ಲಿ ಏನು ಕೆಟ್ಟಿದೆ ಎಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಏಳು ತಿಂಗಳಿಂದ ಪದ್ಮಲತಾ ಅಳುತ್ತಿದ್ದಳು. ಅವನಿಗೆ ಬಡಿಸಿ, ತಾನು ಹಿತ್ತಿಲಲ್ಲಿ ಕೂತು ಉಣ್ಣುತ್ತಿದ್ದಳು. ಹೋದ ವಾರ ಅವಳೇ ಬಾಯಿಬಿಟ್ಟಿದ್ದಳು: “ನಮ್ಮಿಬ್ರಲ್ಲಿ ಒಬ್ರಿಗೆ ಏನೋ ಆಗೈತೆ. ಹಿಂದೂಪುರಕ್ಕೆ ತಿಂಗಳಿಗೊಂದು ಸಲ ಬೆಂಗಳೂರಿಂದ ಮನಸ್ಸಿನ ಡಾಕ್ಟ್ರು ಬತ್ತಾರಂತೆ. ಹೋಗಾನ?”

ಅವನು ತಕ್ಷಣ ಒಪ್ಪಿದ. ಆಸ್ಪತ್ರೆಯ ಚೀಟಿ ಅವಳೇ ಮಾಡಿಸಿದಳು, ಮನೆಯ ಸಂಗತಿಯನ್ನೂ ಅವಳೇ ಬರೆಸಿದಳು. ಇಡೀ ದಾರಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ನೀರಿನ ಬಾಟಲಿ ತಾನೇ ಹಿಡಿದು ಕೂತಿದ್ದ.

“ಎದುರಿನವರ ಮುಖ ನೋಡಿ ಮನಸ್ಸು ತಿಳಿಯುತ್ತಾ?”

“ಇವಳ ಮುಖ ದಿನಾ ಒಂದೇ ಥರ ಇರ್ತದೆ. ಏನಂತ ತಿಳಿಯಾದು?”

“ಜೋರು ಶಬ್ದ ಆದರೆ ಕಷ್ಟವಾಗುತ್ತಾ?”

“ಪಾತ್ರೆ ಎತ್ತಿ ಕುಕ್ತಾಳೆ. ಬ್ಯಾಡ ಅಂದ್ರೂ ಕೇಳಾಕಿಲ್ಲ.”

ಇನ್ನೊಂದು ಗುರುತು. ಡಾಕ್ಟರ್ ದನಿ ತಗ್ಗಿಸಿದರು. “ಏಳು ತಿಂಗಳ ಹಿಂದೆ ಮಗು ತೀರಿಹೋದ ಮೇಲೆ ಮನೆ ಹೇಗಿತ್ತು?”

ಪದ್ಮಲತಾ ಮೊದಲ ಸಲ ಮಾತಾಡಿದಳು. “ಮೂರನೇ ದಿನಕ್ಕೆ ಅಂಗಡಿ ತೆಗುದ್ರು ಮೇಡಮ್. ತೊಟ್ಲು ಬಿಚ್ಚಿ ಅಟ್ಟಕ್ಕೆ ಹಾಕಿದ್ರು. ಒಂದ್ಹನಿ ಕಣ್ಣೀರಿಲ್ಲ.”

“ಗುರುವಾರ ಕೊಡ್ತೀನಿ ಅಂದಿದ್ದ ಮೋಟಾರು. ಕೊಡಬೇಕಲ್ಲ?” ಎಂದ ಸುರೇಂದ್ರ. “ತೊಟ್ಲು ಗಾಳಿಗೆ ಕಿರುಗುಡ್ತಿತ್ತು. ಖಾಲಿ ತೊಟ್ಲಿನ ಸದ್ದು ಬೇರೆ ಮೇಡಮ್. ಕೇಳಾಕಾಗ್ತಿರ್ಲಿಲ್ಲ.”

“ಈಗ ದಿನಾ ಅಂಗಡಿಗೆ ಹೋಗ್ತೀರಾ?”

“ಹೋಯ್ತೀನಿ. ನಾಲ್ಕಕ್ಕೆ ಶಟರ್ ಎಳೆದು ಒಳಗೆ ಕತ್ಲಲ್ಲಿ ಕೂತ್ಕೋತೀನಿ. ನಾಲ್ಕೂವರೆಗೆ ತೆಗೀತೀನಿ.”

“ಯಾಕೆ?”

“ಅದು ಪಾಪು ನಿದ್ದೆಯಿಂದ ಏಳೋ ಹೊತ್ತು. ಆಗ ಯಾರ ದನೀನೂ ತಡ್ಕಳಾಕಾಗಲ್ಲ.”

ಪದ್ಮಲತಾ ಗಂಡನತ್ತ ತಿರುಗಿದಳು. “ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಸುರೇಂದ್ರ ಡಾಕ್ಟರಿಗೆ ಬೆರಳು ಮಾಡಿ ತೋರಿಸಿದ. “ನೋಡಿ ಮೇಡಮ್. ಹಿಂಗೇ.”

ಡಾಕ್ಟರ್ ಗುರುತುಗಳನ್ನು ಎಣಿಸಿದರು. ಆಮೇಲೆ ಪದ್ಮಲತಾಳ ಮುಖ ನೋಡುತ್ತ ನಿಧಾನವಾಗಿ ಹೇಳಿದರು: “ಇದು ಮೊದಲ ಹಂತದ ತಪಾಸಣೆ ಅಷ್ಟೇ. ಆಟಿಸಂ ಇರಬಹುದು ಎಂಬ ಅನುಮಾನ. ಇಷ್ಟರಿಂದಲೇ ತೀರ್ಮಾನಿಸುವ ಹಾಗಿಲ್ಲ, ಬೆಂಗಳೂರಿನಲ್ಲಿ ಪೂರ್ತಿ ಪರೀಕ್ಷೆ ಆಗಬೇಕು. ಇದು ಹುಟ್ಟಿನಿಂದಲೇ ಬರುವಂಥದ್ದು. ದೊಡ್ಡವರಾದರೂ ಯಾರಿಗೂ ಗೊತ್ತಾಗದೇ ಉಳಿದಿರುತ್ತದೆ. ಇಂಥವರಿಗೆ ದುಃಖ ಇಲ್ಲ ಅಂತಲ್ಲಮ್ಮ. ಅದು ನಮಗೆ ಕಾಣುವ ಹಾಗೆ ಹೊರಗೆ ಬರುವುದಿಲ್ಲ.”

ಸುರೇಂದ್ರ ಕುರ್ಚಿಯನ್ನು ಹೆಂಡತಿಯ ಕಡೆ ಎಳೆದುಕೊಂಡ. ಇಷ್ಟು ದಿನ ಇವಳೊಬ್ಬಳೇ ಇದನ್ನೆಲ್ಲ ಹೊತ್ತುಕೊಂಡು ತಿರುಗಿದಳಲ್ಲ! ಮುಟ್ಟುವುದೆಂದರೆ ಅವನಿಗಾಗದು. ಆದರೂ ಎರಡು ಬೆರಳಿನಿಂದ ಅವಳ ಸೆರಗಿನ ತುದಿ ಹಿಡಿದ.

“ಹೆದರ್ಬ್ಯಾಡ ಕಣೆ. ಬೆಂಗ್ಳೂರಿಗೆ ನಾನೂ ಬತ್ತೀನಿ. ನಿನ್ನನ್ನ ಒಬ್ಬಳನ್ನೇ ಕಳ್ಸಾಕಿಲ್ಲ.”

ಡಾಕ್ಟರ್ ಹಾಳೆಯನ್ನು ಅವನ ಕೈಗೆ ಕೊಟ್ಟರು. ರೋಗಿಯ ಹೆಸರಿನ ಮುಂದೆ ಬರೆದಿತ್ತು: ಸುರೇಂದ್ರ, ಮೂವತ್ತನಾಲ್ಕು ವರ್ಷ.