ಭಾಷಣ ಮಾಡದ ಸೇನಾಪತಿ

ಯುದ್ಧವನ್ನು ಈಗ ಅನಿಮೆ ಎಂಬ ಜಪಾನಿ ಕಾರ್ಟೂನಿನ ಸೇನಾಪತಿಗಳು ನಡೆಸುತ್ತಿದ್ದರು. ಸಾಯುತ್ತಿದ್ದವರು ಮಾತ್ರ ನಿಜವಾದ ಸಿಪಾಯಿಗಳು. ಯಾರ ನಾಯಕತ್ವ ಉಳಿಯಬೇಕೆಂದು ಮನೆಮನೆಯ ನೋಡುಗರು ಅಂಕ ಹಾಕಿ ತೀರ್ಮಾನಿಸುತ್ತಿದ್ದರು. ಪರದೆಯ ಮೇಲೆ ಈಗಿನ ಮುದಿ ಸೇನಾಪತಿ ಕಾಣಿಸಿಕೊಂಡಾಗ, ಗಡಿಯಲ್ಲಿ ಗಂಡನಿದ್ದ ಶಾಂಭವಿ ಪಕ್ಕದ ಮನೆಯ ಗಂಗಕ್ಕನ ಕೈ ಹಿಡಿದುಕೊಂಡಳು.

“ಈ ಮುದುಕಗ ಅಂಕ ಹಾಕ್ರಿ ಅಕ್ಕಾ. ಹಿಂದ ಸರಿದ್ರೂ ಮಂದಿನ್ನ ಉಳಿಸ್ಯಾನ.”

“ಬ್ಯಾಸರ ಬರಸ್ತಾನ ತಂಗಿ. ಒಂದ ಭಾಷಣಾನೂ ಇಲ್ಲ,” ಎಂದು ಗಂಗಕ್ಕ ಸೊನ್ನೆ ಒತ್ತಿದಳು. ಊರೆಲ್ಲ ಅದನ್ನೇ ಒತ್ತಿತ್ತು.

ಮರುಗಳಿಗೆಯೇ ಬೆಳ್ಳಿಗೂದಲಿನ ಹೊಸ ಸೇನಾಪತಿ ಬಂದು, ಕತ್ತಿ ಎತ್ತಿ, ಮುನ್ನುಗ್ಗಲು ಹೇಳಿದ. ದಾಳಿಗೆ ಮೊದಲು ಯಾವ ಸಿಪಾಯಿಯ ಮನೆಯ ನೆನಪು ಪರದೆಯ ಮೇಲೆ ಮೂಡುತ್ತದೋ ಅವನು ಬದುಕುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಸೈಕಲ್ ಟ್ಯೂಬಿನಿಂದ ಕಟ್ಟಿದ ತನ್ನದೇ ಮನೆಯ ಗೇಟು ಮೂಡತೊಡಗಿದಾಗ ಶಾಂಭವಿ ಓಡಿಹೋಗಿ ಪರದೆಯನ್ನು ಎರಡೂ ಅಂಗೈಗಳಿಂದ ಮುಚ್ಚಿದಳು.

“ಬಾಜೂ ಸರಿ ತಂಗಿ,” ಎಂದಳು ಗಂಗಕ್ಕ, “ಏನೂ ಕಾಣವಲ್ದು.”