ಕೊನೆಯ ಸಾಲಿನ ಉಸಿರು

ಹದಿನಾಲ್ಕನೇ ಸಲವೂ ಹಾಡಿನ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮಗಳ ಧ್ವನಿ ಒಡೆಯಿತು. ಗಾಜಿನಾಚೆ ಕೂತಿದ್ದ ಸಂಗೀತ ನಿರ್ದೇಶಕರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಸಾಕು ಪುಟ್ಟಾ, ಮನೆಗೆ ಹೋಗಿ ಗಂಟಲಿಗೆ ರೆಸ್ಟ್ ಕೊಡು. ಮಿಕ್ಕಿದ್ದು ನಾವು ನೋಡ್ಕೋತೀವಿ." ಹದಿನಾರರ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಚಿಕ್ಕಮ್ಮನ ಜೊತೆ ಹೊರಟುಹೋದಳು. ಅಮ್ಮ ಮಾತ್ರ ಸ್ಟುಡಿಯೋದಲ್ಲೇ ಉಳಿದಳು. ಮಧ್ಯಾಹ್ನ ಅದೇ ಹಾಡಿಗೆ ಕೋರಸ್ ಇತ್ತು, ಅವಳು ಕೋರಸ್‌ನವಳು.

ಕೋರಸ್ ಅಂದರೆ ಇವತ್ತು ನಿನ್ನೆಯದಲ್ಲ, ಮೂವತ್ತು ವರ್ಷದ್ದು. 'ನಿನ್ನ ಧ್ವನಿ ಬೇರೆಯಾಗಿ ಕೇಳಿಸಿತೋ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿ' ಎಂದು ಮೊದಲ ದಿನವೇ ಗುರುಗಳು ಹೇಳಿದ್ದರು, ಅವಳು ಸರಿದುಕೊಂಡೇ ಬಂದಿದ್ದಳು. ಶಾಲಾ ಮಕ್ಕಳ ಹಾಡು ಕುಣಿತದ ಈ ಸಿನಿಮಾದ ಮೊದಲ ಭಾಗದಲ್ಲೂ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ್ದಳು. ತೆರೆಯ ಮೇಲೆ ಯಾರ ಬಾಯೋ ಧ್ವನಿಯೂ ಅವರದೇ ಎನ್ನುವುದು ಆ ಸಿನಿಮಾದ ಹೆಗ್ಗಳಿಕೆ, ಪೋಸ್ಟರಿನಲ್ಲೇ ದಪ್ಪಕ್ಷರದಲ್ಲಿ ಬರೆಸಿದ್ದರು. ಎರಡನೇ ಭಾಗಕ್ಕೆ ತನ್ನ ಮಗಳೇ ನಾಯಕಿ ಎಂದು ಗೊತ್ತಾದ ದಿನದಿಂದ ಅಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಕ್ಕಾ, ನಿಮ್ಮಿಬ್ಬರ ಧ್ವನಿ ಹೆಚ್ಚುಕಮ್ಮಿ ಒಂದೇ. ಆ ಒಂದು ಸಾಲು ನೀವು ಹಾಡಿಬಿಡಿ" ಎಂದ ರೆಕಾರ್ಡಿಂಗ್‌ನವನು.

"ಅವಳಿಗೆ ಗೊತ್ತಾದ್ರೆ?"

"ಮೆಷಿನ್‌ನಲ್ಲಿ ಸರಿಮಾಡಿದ್ವಿ ಅಂದ್ರಾಯ್ತು."

ಸಂಗೀತ ನಿರ್ದೇಶಕರು ಕನ್ನಡಕ ಒರೆಸುತ್ತ ಹೇಳಿದರು: "ಎರಡನೇ ಭಾಗ ಅಂದ್ಮೇಲೆ ಜನ ಮೊದಲನೇದನ್ನ ಪಕ್ಕದಲ್ಲಿಟ್ಕೊಂಡೇ ಕೇಳ್ತಾರಮ್ಮ. ಇಲ್ಲಿ ಎಡವಿದ್ರೆ ಆಡ್ಕೊಳ್ಳೋದು ನಿಮ್ಮ ಹುಡುಗೀನ, ನನ್ನನ್ನಲ್ಲ."

ಆ ಮಾತು ನಾಟಿತು. ಅವಳು ಒಳಗೆ ಹೋಗಿ ನಿಂತಳು, ಒಂದೇ ಸಲಕ್ಕೆ ಹಾಡಿದಳು. ಸಾಲು ಸಲೀಸಾಗಿ ಮೇಲೇರಿ ನಿಂತಿತು. ರೆಕಾರ್ಡಿಂಗ್‌ನವನು ತಲೆದೂಗಿ, "ಶುರುವಿಗೆ ಮುಂಚೆ ಉಸಿರು ಎಳ್ಕೊಂಡಿದ್ದು ಕೇಳಿಸ್ತಿದೆ, ತೆಗೆದುಬಿಡ್ಲಾ?" ಎಂದ. ಅದು ಅವಳ ಹಳೇ ಚಾಳಿ. ಮೇಲಿನ ಸ್ವರಕ್ಕೆ ಹೋಗುವ ಮುನ್ನ ಬಿಸಿ ಹಾಲು ಹೀರಿದ ಹಾಗೆ ಎರಡು ಬಾರಿ ಉಸಿರೆಳೆಯುವುದು. ಕೋರಸ್‌ನಲ್ಲಿ ಇಪ್ಪತ್ತು ಜನರ ನಡುವೆ ಅದು ಕೇಳಿಸಿದ್ದೇ ಇಲ್ಲ. ತೆಗೆಯಿರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇರಲಿ ಬಿಡಿ" ಅಂದಳು. ಹಾಡಿದ್ದು ಮಗಳಿಗಾಗಿ, ಸುಳ್ಳಲ್ಲ. ಆ ಉಸಿರನ್ನು ಉಳಿಸಿಕೊಂಡದ್ದು ಮಾತ್ರ ತನಗಾಗಿ.

ನಾಲ್ಕು ತಿಂಗಳ ನಂತರ, ಬಿಡುಗಡೆಯ ದಿನದ ಬೆಳಗಿನ ಆಟ. ಅಮ್ಮ ಮಗಳು ಅಕ್ಕಪಕ್ಕ ಕೂತಿದ್ದರು. ಹಾಡು ಶುರುವಾದದ್ದೇ ಮಗಳು ಅಮ್ಮನ ಕೈ ಹಿಡಿದುಕೊಂಡಳು, ಸಾಲು ಸಾಲಿಗೂ ಹಿಡಿತ ಬಿಗಿಯಾಯಿತು. ತೆರೆಯ ಮೇಲೆ ಶಾಲೆಯ ಮೆಟ್ಟಿಲ ಮೇಲೆ ನಿಂತು ಅವಳು ಬಾಯ್ತೆರೆದಳು. ಎರಡು ಸಣ್ಣ ಉಸಿರು ಕೇಳಿಸಿತು, ಹಿಂದೆಯೇ ಕೊನೆಯ ಸಾಲು. ಥಿಯೇಟರ್ ತುಂಬ ಚಪ್ಪಾಳೆ. ಮಗಳು ಮೆಲ್ಲಗೆ ಕೈ ಬಿಡಿಸಿಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

"ಜನಕ್ಕೆ ಎಷ್ಟು ಹಿಡಿಸಿತು ನೋಡು" ಎಂದಳು ಅಮ್ಮ, ಹೊರಗೆ ಬರುತ್ತ. ಹಾಗೆಂದದ್ದಕ್ಕೆ ತನಗೇ ನಾಚಿಕೆಯಾಯಿತು.

"ಆ ಉಸಿರು ಕೇಳ್ಕೊಂಡೇ ಅಲ್ವಾ ಅಮ್ಮ ನಾನು ತೊಟ್ಟಿಲಲ್ಲಿ ನಿದ್ದೆ ಮಾಡಿದ್ದು."

"ನಿನ್ನ ಒಳ್ಳೇದಕ್ಕೇ ಕಣೇ..."

"ಗೊತ್ತು. ಆವತ್ತು ಧ್ವನಿ ಒಡೆದ ಮೇಲೆ ಒಂದು ವಾರ ಪ್ರಾಕ್ಟೀಸ್ ಮಾಡಿ, ಚಿಕ್ಕಮ್ಮನ ಜೊತೆ ಹೋಗಿ ಮತ್ತೆ ಹಾಡಿ ಬಂದಿದ್ದೆ. ಆ ಸಾಲು ಬಂತು ಅಮ್ಮ, ನಂಗೂ ಬಂತು. ನಿನಗೆ ಇಲ್ಲೇ ಗೊತ್ತಾಗ್ಲಿ ಅಂತ ಹೇಳಿರ್ಲಿಲ್ಲ." ಬಾಗಿಲ ಕಡೆ ನಡೆಯುತ್ತ ಸೇರಿಸಿದಳು, "ಯಾವುದು ಚೆನ್ನಾಗಿದ್ಯೋ ಅದನ್ನ ಇಡ್ತೀವಿ ಅಂದ್ರು. ನಿಂದೂ ಒಂದು ಇದೆ ಅಂತ ನಂಗೇನು ಗೊತ್ತು?"

ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ವಾರ, ಬರೀ ಒಂದು ವಾರ ತಾನು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಸಾಕಿತ್ತು. ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಬಾಗಿಲ ಬಳಿ ಮಕ್ಕಳ ಹಿಂಡು ಮಗಳನ್ನು ಸುತ್ತುವರಿಯಿತು. ಮುಂದಿನ ಹಲ್ಲೆರಡು ಬಿದ್ದಿದ್ದ ಪುಟಾಣಿಯೊಬ್ಬಳು ಹಟ ಹಿಡಿದಳು: "ಅಕ್ಕಾ, ಆ ಕೊನೇ ಸಾಲು ಒಂದ್ಸಲ ಹಾಡಿ."

ಮಗಳು ಹಾಡಿದಳು. ಸಾಲು ಮೇಲೇರಿತು. ತುದಿಯಲ್ಲಿ ಒಂಚೂರು ನಡುಗಿತು, ಆದರೆ ಬೀಳಲಿಲ್ಲ. ಅದರಲ್ಲಿ ಅಮ್ಮನದು ಎನ್ನುವಂಥದ್ದು ಏನೂ ಇರಲಿಲ್ಲ. ಇಷ್ಟು ಒಳ್ಳೆಯದನ್ನು ಇವಳು ಎಲ್ಲಿಂದ ತಂದಳು ಎಂದು ಅಮ್ಮನ ಕಣ್ಣು ತುಂಬಿ ಬಂತು.

ಪುಟಾಣಿ ಕತ್ತು ಓರೆ ಮಾಡಿ ಯೋಚಿಸಿದಳು. "ಸಿನಿಮಾದಲ್ಲಿ ಇನ್ನೂ ಚೆನ್ನಾಗಿ ಹಾಡಿದ್ದೀರಿ."

"ಹೂಂ ಕಣೇ" ಎಂದು ಮಗಳು ಅವಳ ಕೆನ್ನೆ ಹಿಂಡಿದಳು. "ಸಿನಿಮಾದಲ್ಲಿರೋ ಧ್ವನಿಗೆ ಮೂವತ್ತು ವರ್ಷದ ಅಭ್ಯಾಸ ಇದೆ."

ಹದಿನಾರರ ಅಕ್ಕನ ಈ ತಮಾಷೆಗೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅಮ್ಮ ತನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.