ಅಂಗಡಿಯಲ್ಲಿ ಅಳಿಸಿದ ಫೋಟೋ

ಹೊಸ ರೆಕ್ಸಿನ್ ಚೀಲದ ವಾಸನೆ ಬಂದರೆ ಇಂದಿಗೂ ಹಳೇ ಹುಬ್ಬಳ್ಳಿಯ ಆ ಕ್ಯಾಮೆರಾ ಅಂಗಡಿ ನೆನಪಾಗುತ್ತದೆ.

ಮನೆಯ ರೀಲಿನ ಕ್ಯಾಮೆರಾ ಕೆಟ್ಟಿತ್ತು. ಅವ್ವನನ್ನು ಆಪರೇಶನ್ನಿಗೆ ಸೇರಿಸುವ ಮೊದಲು ಅಗ್ಗದ್ದೊಂದು ಡಿಜಿಟಲ್ ಕ್ಯಾಮೆರಾ ಕೊಳ್ಳಲೇಬೇಕೆಂದು ಅಪ್ಪ ಹಟ ಹಿಡಿದಿದ್ದ. ಅಂಗಡಿಯಲ್ಲಿ ಅವನು, ಹಳೆಯ ಕ್ಯಾಮೆರಾದ ಕಿಂಡಿಗೆ ಹಚ್ಚುವಂತೆ, ಹೊಸದರ ಬೆನ್ನಿನ ಪರದೆಗೇ ಕಣ್ಣು ಹಚ್ಚಿದ. ಅವ್ವ ನಕ್ಕುಬಿಟ್ಟಳು. ಅಂಗಡಿಯ ಕಾಕಾ ಕೈಯಲ್ಲಿದ್ದ ದುಬಾರಿ ಕ್ಯಾಮೆರಾದಲ್ಲಿ ಆ ನಗುವನ್ನು ಹಿಡಿದು, “ನೋಡ್ರಿ ಅಕ್ಕಾರ, ಎಷ್ಟ್ ಛಲೋ ಬಂದೀರಿ” ಎಂದು ತೋರಿಸಿದರು.

“ಅಯ್ಯ, ಅಳಸ್ರಿ ಅದನ್ನ! ಹಲ್ಲ ಕಿಸಕೊಂಡು ಫೋಟೋ ತಗಸ್ತಾರೇನ್ರಿ?” ಎಂದಳು ಅವ್ವ.

ಅವರು ಅಳಿಸಿದರು.

ನಾವು ಅಗ್ಗದ್ದನ್ನೇ ತಂದೆವು. ಮನೆಯಲ್ಲಿ ಅವ್ವ ತಲೆತುಂಬ ಸೆರಗು ಹೊದ್ದು, ತುಟಿ ಬಿಗಿದು ಅದರೆದುರು ನಿಂತಳು.

ತಿಂಗಳೊಳಗೆ ಅದೇ ಫೋಟೋಗೆ ಮಾಲೆ ಹಾಕುತ್ತ ಅಪ್ಪ, “ನಿಮ್ಮವ್ವ ಹಿಂಗ ಇದ್ದಿಲ್ಲ” ಎಂದ.